ವ್ರತಕಾಲದ ಎಂಟು ಉಪದೇಶಗಳು



ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರಲ್ಲಿ ನಲವತ್ತು ದಿನಗಳ ವ್ರತಕಾಲವೊಂದುಂಟು. ಅದಕ್ಕೆ ಲೆಂಟ್ ಎಂದು ಹೆಸರು. ಯೇಸುವು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದುದರ ನೆನಪಿಗಾಗಿ ಈ ಸಂಖ್ಯೆ. ನಡುವೆ ಬರುವ ಭಾನುವಾರಗಳು ಲೆಕ್ಕಕ್ಕೆ ಸೇರವು. ಹಿಂದೆ ಪಶ್ಚಿಮ ಯೂರೋಪಿನಲ್ಲಿ ಈ ದಿನಗಳಲ್ಲಿ ಮಾಂಸವು ನಿಷಿದ್ಧವಾಗಿದ್ದಿತು. 1522ನೆಯ ಇಸವಿಯ ಲೆಂಟಿನಲ್ಲಿ ಜರ್ಮನಿಯ ವಿಟೆನ್‌ಬರ್ಗ್ ಎಂಬ ಊರಿನ ಪಾದ್ರಿಯೊಬ್ಬನು ಎಂಟು ದಿನ ಎಡೆಬಿಡದೆ ಎಂಟು ಉಪದೇಶಗಳನ್ನು ಮಾಡಿದನು. ಈ ಹೊತ್ತು ನಾವು ಪ್ರಸ್ತಾಪಿಸಬೇಕೆಂದಿರುವುದು ಆ ಎಂಟು ದಿನಗಳ ವಿಚಾರವನ್ನು. ಪಾದ್ರಿಯ ಹೆಸರು ಮಾರ್ಟಿನ್ ಲೂಥರ್.

ಲೂಥರನೆಂದೊಡನೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಎರಡು ವಿಷಯಗಳು ನೆನಪಾಗುತ್ತವೆ: 1517ರಲ್ಲಿ ಪಾಪಕ್ಷಮಾಪತ್ರಗಳ ಮಾರಾಟವನ್ನು ಖಂಡಿಸಿದುದು, 1521ರಲ್ಲಿ ವರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಮುಂದೆ ನಿಂತುದು. ಪ್ರಶ್ನಪತ್ರಿಕೆಗಳು ಅಲ್ಲಿಗೆ ತೃಪ್ತಿಪಡುತ್ತವೆ. ಶತ್ರುವಿನ ಮುಂದೆ ಎದೆಕೊಟ್ಟು ನಿಲ್ಲುವುದು ದೊಡ್ಡದೇ, ಸಂದೇಹವಿಲ್ಲ. ಆದರೆ ತನ್ನವರ ಮುಂದೆ ನಿಂತು, ನೀವು ಮಾಡಿದುದು ಸರಿಯೇ, ಮಾಡಿದ ರೀತಿ ಸರಿಯಲ್ಲ ಎಂದು ಹೇಳುವುದಕ್ಕೆ ಬೇಕಾದ ಎದೆಗಾರಿಕೆ ಬೇರೆ ಜಾತಿಯದು. ನಮಗೆ ಆ ಎರಡನೆಯ ಲೂಥರನೇ ಹೆಚ್ಚು ಸ್ವಾರಸ್ಯವಾಗಿ ತೋರುತ್ತಾನೆ.

ವರ್ಮ್ಸಿನ ಸಭೆಯ ತರುವಾಯ ಲೂಥರನು ರಾಜಶಾಸನಕ್ಕೆ ಹೊರಗಾದನು. ಅವನನ್ನು ಯಾರು ಹಿಡಿದರೂ ಕೇಳುವವರಿಲ್ಲ. ಸ್ಯಾಕ್ಸನಿಯ ಪ್ರಭುವಾದ ಫ್ರೆಡರಿಕನು ಗುಟ್ಟಾಗಿ ಏರ್ಪಡಿಸಿ, ಕಳ್ಳರು ಹೊತ್ತುಕೊಂಡು ಹೋದಂತೆ ದಾರಿಯಲ್ಲಿ ಅವನನ್ನು ಹಿಡಿಸಿ, ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿಸಿದನು. ಸಂನ್ಯಾಸಿಯು ಗಡ್ಡ ಬೆಳೆಸಿ, ಕತ್ತಿ ಕಟ್ಟಿ, ಯಾರೋ ಒಬ್ಬ ಸರದಾರನಾದನು. ಅಲ್ಲಿ ಕುಳಿತು ಸುಮಾರು ಹನ್ನೊಂದು ವಾರಗಳಲ್ಲಿ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಜರ್ಮನ್ ಭಾಷೆಗೆ ತಂದನೆಂಬುದು ಪ್ರಸಿದ್ಧವಾದ ಸಂಗತಿ.

ಇತ್ತ ವಿಟೆನ್‌ಬರ್ಗಿನಲ್ಲಿ ಅವನ ಮಾತುಗಳು ಅವನಿಗಿಂತ ಮುಂದಕ್ಕೆ ಓಡಿದುವು. ಅಲ್ಲಿನ ವಿಶ್ವವಿದ್ಯಾನಿಲಯದ ಅಧ್ಯಾಪಕನಾದ ಕಾರ್ಲ್‌ಸ್ಟಾಟನು ಚಳವಳಿಗೆ ಮುಂದಾಳಾದನು. 1512ರಲ್ಲಿ ಲೂಥರನಿಗೆ ಡಾಕ್ಟರ್ ಪದವಿಯನ್ನು ಪ್ರದಾನಮಾಡಿದವನು ಇವನೇ. 1521ರ ಕ್ರಿಸ್ಮಸ್ ದಿನ ಇವನು ಪೂಜೆಯ ಉಡುಪಿಲ್ಲದೆ, ಸಾಧಾರಣವಾದ ಬಟ್ಟೆಯಲ್ಲಿ ಪ್ರಭುಭೋಜನವನ್ನು ನಡೆಸಿದನು. ಅದುವರೆಗೆ ಜನಕ್ಕೆ ರೊಟ್ಟಿ ಮಾತ್ರ, ದ್ರಾಕ್ಷಾರಸವು ಪಾದ್ರಿಗೆ. ಈಗ ಎರಡೂ ಎಲ್ಲರಿಗೂ ದೊರೆತುದಲ್ಲದೆ, ಪಾತ್ರೆಯನ್ನು ಜನ ತಮ್ಮ ಕೈಯಿಂದಲೇ ಹಿಡಿದರು. ತಲೆತಲಾಂತರದಿಂದ ಮುಟ್ಟಬಾರದೆಂದು ತಿಳಿದಿದ್ದ ವಸ್ತುವನ್ನು ಒಂದು ಬೆಳಗ್ಗೆ ಮುಟ್ಟು ಎಂದರೆ ಕೆಲವರ ಕೈ ನಡುಗಿದ್ದರೆ ಆಶ್ಚರ್ಯವಿಲ್ಲ. 1522ರ ಜನವರಿ 24ರಂದು ಪುರಸಭೆಯವರು ಹೊಸ ಕಟ್ಟಳೆಗಳನ್ನು ಮಾಡಿ, ದೇವಾಲಯದ ವಿಗ್ರಹಗಳನ್ನು ತೆಗೆಯಬೇಕೆಂದು ವಿಧಿಸಿದರು. ಬಡವರಿಗಾಗಿ ಸಾರ್ವಜನಿಕ ನಿಧಿಯೊಂದನ್ನೂ ಸ್ಥಾಪಿಸಿದರು. ಇದು ಒಳ್ಳೆಯ ಕೆಲಸವೆಂದು ಯಾರಾದರೂ ಒಪ್ಪಬೇಕು. ಆದರೆ ಕಟ್ಟಳೆಯ ಕಾಲಕ್ಕೆ ಕಾಯದೆ ಕೆಲವರು ನುಗ್ಗಿ ವಿಗ್ರಹಗಳನ್ನು ಒಡೆದರು. ಊರಿನಲ್ಲಿ ಗೊಂದಲವೆದ್ದಿತು.

ಬರಬೇಡವೆಂದು ಫ್ರೆಡರಿಕನು ತಿಳಿಸಿದ್ದರೂ ಲೂಥರನು ಕೋಟೆಯನ್ನು ಬಿಟ್ಟು ಹೊರಟನು. ದಾರಿಯಲ್ಲಿ ಯೆನಾ ಎಂಬ ಊರಿನ ‘ಕಪ್ಪು ಕರಡಿ’ ಛತ್ರದಲ್ಲಿ ಇಬ್ಬರು ವಿದ್ಯಾರ್ಥಿಗಳು ಅವನನ್ನು ಕಂಡರು. ಲೂಥರನ ಪಾಠವನ್ನು ಕೇಳುವುದಕ್ಕೆಂದೇ ಸ್ವಿಟ್ಜರ್ಲೆಂಡಿನಿಂದ ಹೊರಟಿದ್ದ ಅವರಿಗೆ, ಕತ್ತಿ ಕಟ್ಟಿದ ಸರದಾರನೊಬ್ಬನು ಹೀಬ್ರೂ ಭಾಷೆಯ ಕೀರ್ತನೆಗಳ ಪುಸ್ತಕವನ್ನು ಮುಂದಿಟ್ಟುಕೊಂಡಿದ್ದುದು ವಿಚಿತ್ರವಾಗಿ ಕಂಡಿತು. ಅವನೇ ಲೂಥರನೆಂದು ನಿಶ್ಚಯವಾಗಿ ತಿಳಿದುದು ವಿಟೆನ್‌ಬರ್ಗಿನಲ್ಲಿ. ಆ ಇಬ್ಬರಲ್ಲಿ ಕೆಸ್ಲರ್ ಎಂಬುವನು ಇದನ್ನು ಬರೆದಿಟ್ಟಿದ್ದಾನೆ. ಅಧ್ಯಾಪಕರಾದ ನಮಗೆ ಈ ಕಥೆಯಲ್ಲಿ ವಿಶೇಷವಾದ ಅಭಿಮಾನ. ನಮ್ಮ ಪಾಠವನ್ನು ಕೇಳಲು ಅಷ್ಟು ದೂರ ನಡೆದು ಬಂದವರನ್ನು ನಾವು ಕಂಡಿಲ್ಲ.

ಮಾರ್ಚಿ 6ರಂದು ಊರನ್ನು ಸೇರಿದ ಲೂಥರನು 9ರ ಭಾನುವಾರ, ಲೆಂಟಿನ ಮೊದಲನೆಯ ಭಾನುವಾರ, ಸಂನ್ಯಾಸಿಯ ಹಳೆಯ ಉಡುಪನ್ನೇ ತೊಟ್ಟು ಉಪದೇಶಪೀಠವನ್ನು ಹತ್ತಿದನು. ಆರಂಭವೇ ಅನಿರೀಕ್ಷಿತವಾಗಿದ್ದಿತು. ಸಾವು ನಮ್ಮೆಲ್ಲರನ್ನೂ ಕರೆಯುತ್ತದೆ, ಒಬ್ಬನಿಗಾಗಿ ಇನ್ನೊಬ್ಬನು ಸಾಯಲಾರನು; ಒಬ್ಬರ ಕಿವಿಯಲ್ಲಿ ಒಬ್ಬರು ಕೂಗಬಹುದೇ ಹೊರತು, ಆ ಹೊತ್ತಿನಲ್ಲಿ ಪ್ರತಿಯೊಬ್ಬನೂ ತಾನೇ ಸಿದ್ಧನಾಗಿರಬೇಕು ಎಂಬುದು ಅವನ ಮೊದಲ ಮಾತಿನ ತಾತ್ಪರ್ಯ. ವಿಗ್ರಹ, ರೊಟ್ಟಿ, ಮಾಂಸ ಎಂದು ಹೊಡೆದಾಡುತ್ತಿದ್ದ ಜನರಿಗೆ ಮೊದಲು ಮರಣವನ್ನು ನೆನಪು ಮಾಡಿದುದು ಬರಿಯ ವೈರಾಗ್ಯದ ಮಾತಲ್ಲ. ಸಾಯುವವನು ತಾನೊಬ್ಬನೇ ಆದರೆ, ನಂಬುವವನೂ ತಾನೊಬ್ಬನೇ. ಇನ್ನೊಬ್ಬನ ನಂಬಿಕೆಯನ್ನು ನಾವು ಪುರಸಭೆಯ ಕಟ್ಟಳೆಯಿಂದ ನಡೆಸಲಾಗದು. ಎಂಟು ದಿನಗಳ ವಾದವೆಲ್ಲ ಈ ಬೀಜದಿಂದಲೇ ಬೆಳೆಯಿತು.

ಅವನು ಒಂದು ವಿಭಾಗವನ್ನು ಮಾಡಿದನು. ಕೆಲವು ಸಂಗತಿಗಳು ಇರಲೇಬೇಕಾದುವು, ನಂಬಿಕೆಯಂಥವು. ಮತ್ತೆ ಕೆಲವನ್ನು ಮಾಡಿದರೂ ಆದೀತು, ಬಿಟ್ಟರೂ ಆದೀತು. ಉಪವಾಸ, ವಿಗ್ರಹ, ಮಠವಾಸ, ಇವು ಎರಡನೆಯ ಬಗೆಯವು. ಇವನ್ನು ಕಡ್ಡಾಯಮಾಡಿದುದು ರೋಮಿನ ತಪ್ಪು. ಇವನ್ನು ಬಿಡುವುದನ್ನು ಕಡ್ಡಾಯಮಾಡಿದುದು ನಿಮ್ಮ ತಪ್ಪು. ಎರಡೂ ಒಂದೇ ತಪ್ಪು ಎಂದನು. ಸೂರ್ಯನಿಗೆ ಬೆಳಕು, ಬಿಸಿ ಎಂದು ಎರಡು ಗುಣ. ಬೆಳಕಿನ ಕಿರಣವು ಬಾಗುವುದಿಲ್ಲ, ನಂಬಿಕೆಯೂ ಹಾಗೆ. ಬಿಸಿಯು ಬಾಗುತ್ತದೆ, ನೆರೆಯವನ ಅಗತ್ಯಕ್ಕೆ ತಕ್ಕಂತೆ ಪ್ರೀತಿಯೂ ಬಾಗಬೇಕು. ತಾಯಿಯು ಮಗುವಿಗೆ ಮೊದಲು ಹಾಲು, ಆಮೇಲೆ ಗಂಜಿ, ಆಮೇಲೆ ಮೃದುವಾದ ಆಹಾರವನ್ನು ಕೊಡುತ್ತಾಳಲ್ಲವೆ? ತಾನು ಹಾಲು ಕುಡಿದು ಬೆಳೆದವನು, ತಮ್ಮನೂ ಅಷ್ಟೇ ದಿನ ಕುಡಿಯಲೆಂದು ಬಿಡಬೇಕು.

ಈ ಮಾತನ್ನು ಮೊದಲು ಓದಿದಾಗ ನಮಗೆ ನಮ್ಮ ಸೋದರತ್ತೆಯವರು ನೆನಪಾದರು. ನಾವು ಇಂಟರ್‌ಮೀಡಿಯೆಟ್ ತರಗತಿಯಲ್ಲಿದ್ದಾಗ ಇಂಗ್ಲಿಷ್ ಪುಸ್ತಕಗಳನ್ನು ಓದಿ ಜ್ಞಾನೋದಯವಾಗಿದ್ದಿತು. ಒಂದು ಏಕಾದಶಿಯ ದಿನ, ಉಪವಾಸವಿದ್ದ ಆಕೆಯ ಎದುರಿಗೇ ಕುಳಿತು, ಬೇಕೆಂದೇ ಊಟಮಾಡಿದೆವು. ವ್ರತದ ನಿರರ್ಥಕತೆಯನ್ನು ಕುರಿತು ಉಪನ್ಯಾಸವನ್ನೂ ಕೊಟ್ಟೆವು. ಆಕೆ ಏನೂ ಹೇಳಲಿಲ್ಲ. ಮಾರನೆಯ ದಿನ ದ್ವಾದಶಿಯ ಪಾರಣೆಗೆ ನಮಗೆ ಮೊದಲು ಬಡಿಸಿದರು. ನಮ್ಮ ವಾದದಲ್ಲಿ ಈಗಲೂ ದೋಷವೇನೂ ಕಾಣುವುದಿಲ್ಲ. ಆ ಊಟವನ್ನು ಮಾತ್ರ ನೆನೆಯುವುದಕ್ಕೆ ಇಷ್ಟವಾಗದು.

ಲೂಥರನು ಸತ್ಯವೇದದಿಂದ ತೆಗೆದುಕೊಂಡ ನಿದರ್ಶನಗಳೂ ಗಮನಾರ್ಹವಾದುವು. ಅಪೊಸ್ತಲನಾದ ಪೌಲನು ಅಥೆನ್ಸ್ ನಗರದಲ್ಲಿ ಎಷ್ಟೋ ಬಲಿಪೀಠಗಳನ್ನು ಕಂಡನು. ಒಂದನ್ನಾದರೂ ಒದೆಯಲಿಲ್ಲ, ಸಂತೆಯ ನಡುವೆ ನಿಂತು ಮಾತನಾಡಿದನು. ಆ ಪೌಲನೇ ತಿಮೊಥೆಯನಿಗೆ ಸುನ್ನತಿ ಮಾಡಿಸಿದನು, ತೀತನಿಗೆ ಮಾಡಿಸಲು ಒಪ್ಪಲಿಲ್ಲ. ಒಂದು ಕಡೆ ಎಳೆಯ ಮನಸ್ಸಿನವರಿದ್ದರು, ಇನ್ನೊಂದು ಕಡೆ ಮಾಡಲೇಬೇಕೆಂದು ಹಟಹಿಡಿದವರಿದ್ದರು. ಲೆಂಟಿನ ಮಾಂಸದ ವಿಷಯದಲ್ಲಿಯೂ ಇದೇ ನ್ಯಾಯ. ತಿನ್ನಬೇಡವೆಂದು ಅಧಿಕಾರದಿಂದ ಆಜ್ಞೆಮಾಡುವವನ ಎದುರಿಗೆ ತಿನ್ನು; ತಿಳಿಯದೆ ಅಂಜುವ ಸಾಧುವಿನ ಎದುರಿಗೆ ಬಿಡು. ಅದೇ ಲೆಂಟಿನ ಆರಂಭದಲ್ಲಿ ಜ್ಯೂರಿಕ್ ಪಟ್ಟಣದ ಒಬ್ಬ ಮುದ್ರಣಕಾರನ ಮನೆಯಲ್ಲಿ ಕೆಲವರು ಸೇರಿ ಬೇಕೆಂದೇ ಮಾಂಸವನ್ನು ತಿಂದರು. ಜ್ವಿಂಗ್ಲಿ ಎಂಬ ಪಾದ್ರಿಯು ಅಲ್ಲಿದ್ದು, ತಾನು ತಿನ್ನದಿದ್ದರೂ, ಬಳಿಕ ಅವರ ಪರವಾಗಿ ಉಪದೇಶಮಾಡಿದನು. ಲೂಥರನ ಮಾರ್ಗವು ಇದಕ್ಕಿಂತ ತೊಡಕಿನದು: ತಟ್ಟೆಯಲ್ಲಿ ಏನಿದೆ ಎಂಬುದನ್ನಲ್ಲ, ಎದುರಿಗೆ ಯಾರು ಕುಳಿತಿದ್ದಾರೆ ಎಂಬುದನ್ನು ನೋಡಬೇಕು.

ವಿಗ್ರಹಗಳ ಮಾತು ಬಂದಾಗ ಅವನ ಹಾಸ್ಯವು ಹೊರಬಿದ್ದಿತು. ಜನ ಸೂರ್ಯಚಂದ್ರರನ್ನೂ ಪೂಜಿಸುತ್ತಾರೆ, ಆಕಾಶದಿಂದ ಅವನ್ನು ಕಿತ್ತುಹಾಕೋಣವೆ? ಮದ್ಯದಿಂದಲೂ ಹೆಂಗಸರಿಂದಲೂ ಕೆಟ್ಟವರಿದ್ದಾರೆ, ಮದ್ಯವನ್ನೆಲ್ಲ ಚೆಲ್ಲಿ ಹೆಂಗಸರನ್ನೆಲ್ಲ ಕೊಲ್ಲೋಣವೆ? ತನ್ನ ವಿಚಾರವಾಗಿಯೂ ಹೇಳಿಕೊಂಡನು: ತಾನು ಬೋಧಿಸಿದನು, ಬರೆದನು, ಬಲಪ್ರಯೋಗ ಮಾಡಲಿಲ್ಲ, ತಾನು ನಿದ್ರಿಸುತ್ತಲೋ, ಗೆಳೆಯರಾದ ಮೆಲಾಂಕ್‌ಥನ್ ಮತ್ತು ಆಮ್ಸ್‌ಡಾರ್ಫರ ಜೊತೆಗೆ ಊರಿನ ಬೀರನ್ನು ಕುಡಿಯುತ್ತಲೋ ಇದ್ದಾಗ ದೇವರ ವಾಕ್ಯವು ತಾನಾಗಿಯೇ ಕೆಲಸಮಾಡಿತು. ಈ ಉಪದೇಶಗಳನ್ನು ಅವನು ಗ್ರಂಥವಾಗಿ ಬರೆಯಲಿಲ್ಲ. ಕೇಳಿದವರ ಟಿಪ್ಪಣಿಗಳಿಂದ ಉಳಿದುಬಂದುವು. ಆದುದರಿಂದಲೇ ಅವುಗಳಲ್ಲಿ ಬಾಯಿಮಾತಿನ ಬಿಸಿ ಆರಿಲ್ಲ.

ಫಲವೇನಾಯಿತು? ಊರು ಶಾಂತವಾಯಿತು. ಆರಾಧನೆಯ ಹಳೆಯ ಉಡುಪು, ಹಳೆಯ ಲ್ಯಾಟಿನ್ ಭಾಷೆ ಮರಳಿ ಬಂದುವು. ಪಾತ್ರೆಯಿಂದ ಕುಡಿಯಬೇಕೆಂಬವರಿಗೆ ಅದಕ್ಕೆ ಅವಕಾಶ, ಮನಸ್ಸೊಪ್ಪದವರಿಗೆ ಬಲವಂತವಿಲ್ಲ. ಬಡವರ ನಿಧಿಯು ಉಳಿಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಅನೇಕರು ಲೂಥರನ ಸಂಪ್ರದಾಯದ ವುರ್ಟೆಂಬರ್ಗ್ ಪ್ರಾಂತದವರು. ನಮ್ಮ ಕ್ರೈಸ್ತರು ದೇವಾರಾಧನೆಗೆ ಕೂಡುವ ಜನಸಮೂಹವನ್ನು ‘ಸಭೆ’ ಎಂದೂ, ಅದರ ಗುರುವನ್ನು ‘ಸಭಾಪಾಲಕ’ ಎಂದೂ ಕರೆಯುತ್ತಾರೆ. ಪಾಲಿಸುವವನು ಎಂಬ ಮಾತು ಆ ಎಂಟು ದಿನಗಳ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ.

ಆದರೆ ಇದನ್ನೇ ಪೂರ್ಣಸತ್ಯವೆಂದರೆ ಕಾರ್ಲ್‌ಸ್ಟಾಟನಿಗೆ ಅನ್ಯಾಯವಾದೀತು. ನಿಧಾನವಾಗಿ ಹೋಗಬೇಕೆ ಎಂಬ ಪ್ರಶ್ನೆಯನ್ನೆತ್ತಿಕೊಂಡು 1524ರಲ್ಲಿ ಅವನೊಂದು ಪುಸ್ತಿಕೆಯನ್ನು ಬರೆದನು. ಎಳೆಯ ಮಗುವಿನ ಕೈಯಲ್ಲಿ ಹರಿತವಾದ ಚಾಕುವಿದ್ದರೆ, ಅದಕ್ಕೆ ತಿಳಿವಳಿಕೆ ಬರಲೆಂದು ಕಾಯುತ್ತ ಕೂರುತ್ತೇವೆಯೆ, ಕಿತ್ತುಕೊಳ್ಳುತ್ತೇವೆಯೆ ಎಂದು ಕೇಳಿದನು. ಲೂಥರನ ಹಾಲಿನ ಮಗುವಿಗೆ ಇದು ತಕ್ಕ ಉತ್ತರ, ಸುಲಭವಾಗಿ ತಳ್ಳಿಹಾಕುವಂಥದಲ್ಲ. ದುರ್ಬಲರಿಗಾಗಿ ಕಾಯುತ್ತಿದ್ದೇವೆಂದು ಹೇಳುವವರಲ್ಲಿ ಎಷ್ಟೋ ಮಂದಿ ತಮ್ಮ ಸುಖಕ್ಕಾಗಿ ಕಾಯುವವರು. ಲೂಥರನ ನಿಧಾನವು, ಗಲಭೆಗೆ ಹೆದರಿದ್ದ ಪ್ರಭುವಿಗೂ ಅನುಕೂಲವಾಗಿದ್ದಿತೆಂಬುದನ್ನು ಮರೆಯಬಾರದು. ಊರಿನ ಜನದ ಮೇಲೆ ತೋರಿದ ತಾಳ್ಮೆಯನ್ನು ತನ್ನ ಸಹೋದ್ಯೋಗಿಯ ಮೇಲೆ ಅವನು ತೋರಲಿಲ್ಲ. 1522ರಲ್ಲಿಯೇ ಕಾರ್ಲ್‌ಸ್ಟಾಟನ ಒಂದು ಗ್ರಂಥವನ್ನು ವಿಶ್ವವಿದ್ಯಾನಿಲಯದವರು ಅಚ್ಚಿನಲ್ಲಿರುವಾಗಲೇ ತಡೆದರು. 1524ರಲ್ಲಿ ಅವನನ್ನು ಸ್ಯಾಕ್ಸನಿಯಿಂದ ಹೊರಗಟ್ಟಿದರು. ವಾಕ್ಯವು ತಾನಾಗಿಯೇ ಕೆಲಸಮಾಡುತ್ತದೆ ಎಂದವನು ಇದಕ್ಕೆ ಅಡ್ಡಬರಲಿಲ್ಲ. ಮುಂದೆ 1525ರಲ್ಲಿ ದಂಗೆಯೆದ್ದ ರೈತರನ್ನು ಕುರಿತು, 1543ರಲ್ಲಿ ಯೆಹೂದ್ಯರನ್ನು ಕುರಿತು ಅವನು ಬರೆದುದನ್ನು ಓದಿದವರಿಗೆ, ಈ ಉಪದೇಶಗಳನ್ನು ಮಾಡಿದವನು ಇವನೆಯೇ ಎನ್ನಿಸುತ್ತದೆ.

ಜರ್ಮನ್ ಭಾಷೆಯ ಆರಾಧನೆಯು ಆ ಊರಿನಲ್ಲಿ ನೆಲೆಗೊಂಡುದು 1525ರ ಕ್ರಿಸ್ಮಸ್ ದಿನದಿಂದ. ಕಾರ್ಲ್‌ಸ್ಟಾಟನ ಆ ಕ್ರಿಸ್ಮಸ್ಸಿಗೆ ಸರಿಯಾಗಿ ನಾಲ್ಕು ವರ್ಷಗಳ ಮೇಲೆ. ಅದೇ 1525ರ ಬೇಸಗೆಯಲ್ಲಿ, ರೈತರ ದಂಗೆಯು ಮುರಿದುಬಿದ್ದ ಬಳಿಕ, ದಿಕ್ಕುಗಾಣದೆ ಪ್ರಾಣಭಯದಿಂದ ಅಲೆಯುತ್ತಿದ್ದ ಕಾರ್ಲ್‌ಸ್ಟಾಟನು ಆಶ್ರಯವನ್ನು ಬೇಡಿ ಲೂಥರನಿಗೆ ಬರೆದನು. ಲೂಥರನಿಗೆ ಆ ಜೂನ್ ತಿಂಗಳಲ್ಲಷ್ಟೇ ಮದುವೆಯಾಗಿದ್ದಿತು. ಹೊಸ ಸಂಸಾರದ ಆ ಮನೆಯಲ್ಲಿಯೇ ಅವನು ಕಾರ್ಲ್‌ಸ್ಟಾಟನನ್ನು ಕೆಲವು ವಾರಗಳ ಕಾಲ ಯಾರಿಗೂ ತಿಳಿಯದಂತೆ ಇಟ್ಟುಕೊಂಡನು.