ಚೋಮನ ಮಕ್ಕಳು ಮತ್ತು ನಮ್ಮ ಮನೆಯ ಜಗುಲಿ



ನಾನು ಸಾಹಿತ್ಯದವನಲ್ಲ, ಕಾಲುವೆ-ಸೇತುವೆ ನೋಡಿಕೊಂಡಿದ್ದ ಸರ್ಕಾರಿ ಇಂಜಿನಿಯರ್. ಆದರೂ ಶಿವರಾಮ ಕಾರಂತರ ‘ಚೋಮನ ದುಡಿ’ಯ ಮಕ್ಕಳ ಬಗ್ಗೆ ಎರಡು ಮಾತಾಡಬೇಕಿದೆ.

ಚೋಮನಿಗೆ ಎತ್ತುಗಳಿದ್ದವು, ಉಳಲು ಭೂಮಿ ಸಿಗಲಿಲ್ಲ. ಅಸ್ಪೃಶ್ಯನಿಗೆ ಗೇಣಿಗೆ ಕೊಡುವ ರೂಢಿಯೇ ಇರಲಿಲ್ಲ. ಸಾಲ ತೀರಿಸಲು ಗಂಡುಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಜ್ವರ ಬಂದು ಸಾಯುತ್ತಾನೆ. ಕಿರಿಯವ ನೀಲ ಹೊಳೆಯಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು ಯಾರೂ ನೀರಿಗಿಳಿಯುವುದಿಲ್ಲ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲವೂ ಬಂತು.

ಆಗ ನಾನು ಭದ್ರಾವತಿಯಲ್ಲಿ ಓದುತ್ತಿದ್ದೆ. ಸಹಪಾಠಿಯೊಬ್ಬನ ಜೊತೆ ಶಿವಮೊಗ್ಗಕ್ಕೆ ಬಂದು ಮಧ್ಯಾಹ್ನದ ಆಟ ನೋಡಿದೆ. ಅವನು ಕೇರಿಯ ಹುಡುಗ; ಅವನಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿ. ನೀಲ ಮುಳುಗುವಾಗ ನಾನು ಅತ್ತೆ. ಅವನು ಅಳಲಿಲ್ಲ.

ಸಂಜೆ ಇಬ್ಬರೂ ನಮ್ಮ ಮನೆ ಸೇರಿದಾಗ ಅಜ್ಜಿ ಲಿಂಗಪೂಜೆ ಮುಗಿಸಿದ್ದರು. ಕೆಟ್ಟವರಲ್ಲ, ಹಸಿದು ಬಂದವರನ್ನು ಬರಿಗೈಲಿ ಕಳಿಸಿದವರೇ ಅಲ್ಲ. ಅವನಿಗೆ ಜಗುಲಿಯ ಕೆಳಗೆ ನಿಲ್ಲಲು ಹೇಳಿ, ಮೇಲಿನಿಂದ ನೀರು ಹೊಯ್ದರು. ಅವನು ಬೊಗಸೆಯೊಡ್ಡಿ ಕುಡಿದ. ಹರಳಯ್ಯನವರ ಕಥೆ ಕೇಳಿ ಬೆಳೆದ ಮನೆ ನಮ್ಮದು! ಒಳಗೆ ಹೋಗಿ ನಾನೊಂದು ಲೋಟ ತರಬಹುದಿತ್ತು. ತರಲಿಲ್ಲ.

ಬಸವ ಜಯಂತಿಯ ಪ್ರಸಾದಕ್ಕೆ ಕೇರಿಯವರನ್ನು ಕರೆಯುತ್ತೇವೆ, ಅವರು ಬಂದು ಉಣ್ಣುತ್ತಾರೆ. ಇಲ್ಲಿ ಕೂತಿರುವ ನಮ್ಮಲ್ಲಿ ಎಷ್ಟು ಜನ ಅವರ ಮನೆಯಲ್ಲಿ ಉಂಡಿದ್ದೇವೆ? ನಾನು ಉಂಡದ್ದು ಅರವತ್ತು ದಾಟಿದ ಮೇಲೆ, ಅದೇ ಗೆಳೆಯನ ಮನೆಯಲ್ಲಿ. ಅದೂ ಒಂದೇ ಸಲ.