ನಮ್ಮ ದಾಖಲೆಗೆ ಎಂತಹ ಕ್ಯಾಮೆರಾ ಬೇಕು?

(ದಾಖಲೀಕರಣ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಊರೂರಿನಿಂದ ಕೂಡಿಸಿದ ಹಣದಲ್ಲಿ ಸಂಘಟನೆಗೊಂದು ವೃತ್ತಿಪರ ಎಚ್‌ಡಿ ವಿಡಿಯೋ ಕ್ಯಾಮೆರಾ ಕೊಳ್ಳಬೇಕು, ಯಾವುದನ್ನು ಆರಿಸಬೇಕು ಎಂದು ಕೇಳಿದ್ದೀರಿ. ಅಡಿಕೆ ಮಾರಿದವರ ಹಣವೂ ಕೂಲಿಯಲ್ಲಿ ಉಳಿಸಿದವರ ಹಣವೂ ಅದರಲ್ಲಿ ಸೇರಿದೆ. ಆದ್ದರಿಂದ ಅಂಗಡಿಯ ದರಪಟ್ಟಿಯನ್ನು ಬದಿಗಿಟ್ಟು, ಕ್ಯಾಮೆರಾದಿಂದ ನಮಗೆ ಆಗಬೇಕಾದ ಕೆಲಸವೇನು ಎಂಬುದನ್ನು ಮೊದಲು ನೋಡೋಣ.

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ಅಹವಾಲು ಸಭೆಯ ಸಮಗ್ರ ಕಲಾಪವನ್ನು ವಿಡಿಯೋ ಚಿತ್ರೀಕರಣ ಮಾಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಣೆ. ಸಭೆಯ ಸಾರಾಂಶವನ್ನು ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಜನರಿಗೆ ಓದಿ ತಿಳಿಸಬೇಕೆಂಬ ನಿಯಮವೂ ಇದೆ. ಆದರೆ ಹಿಂದಿನ ಸಾಲಿನಲ್ಲಿ ನಿಂತು ಮಾತನಾಡಿದ ಅಜ್ಜಿಯ ಆಕ್ಷೇಪಣೆ ಸಾರಾಂಶದಲ್ಲಿ ಬಿಟ್ಟುಹೋದರೆ, ಅದನ್ನು ತೋರಿಸಿಕೊಡಲು ನಮ್ಮ ಬಳಿ ನಮ್ಮದೇ ದಾಖಲೆ ಇರಬೇಕು. ಆ ದಾಖಲೆ ಸ್ಪಷ್ಟವಾಗಿ ಕೇಳಿಸಬೇಕು, ನಡುವೆ ಕಡಿದಿರಬಾರದು, ತಿದ್ದಿದ್ದಲ್ಲವೆಂದು ತೋರಿಸುವಂತಿರಬೇಕು. ಈ ಮೂರೇ ನಮ್ಮ ಆಯ್ಕೆಯ ಅಳತೆಗೋಲು.

ದೃಶ್ಯದ ಶಕ್ತಿ ನಮ್ಮ ಪಶ್ಚಿಮ ಘಟ್ಟಕ್ಕೆ ಹೊಸದಲ್ಲ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯ ಪರಿಣಾಮವನ್ನು ಶೇಖರ್ ದತ್ತಾತ್ರಿ ಅವರು 2001ರಲ್ಲಿ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರದಲ್ಲಿ ತೋರಿಸಿದರು. 2002ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ತೀರ್ಪಿನ ಹಿಂದೆ ಅರ್ಜಿ, ವರದಿ, ವಾದ ಎಲ್ಲವೂ ಇದ್ದವು. ಗುಡ್ಡ ಹೇಗಾಗಿದೆ ಎಂಬುದನ್ನು ದೂರದವರ ಕಣ್ಣಿಗೆ ಕಾಣಿಸಿದ್ದು ಚಿತ್ರ.

ಮೊಬೈಲ್ ಸಾಲದೇ?

ಕೈಯಲ್ಲಿರುವ ಮೊಬೈಲಿನಲ್ಲಿಯೇ ಎಚ್‌ಡಿ ಇದೆಯಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಥಟ್ಟನೆ ನಡೆದ ಘಟನೆಗೆ ಮೊಬೈಲೇ ಸರಿ. ಆದರೆ ಐದಾರು ಗಂಟೆಯ ಸಭೆಯಲ್ಲಿ ಅದು ಬಿಸಿಯೇರುತ್ತದೆ, ಬ್ಯಾಟರಿ ಮುಗಿಯುತ್ತದೆ, ನಡುವೆ ಕರೆ ಬರುತ್ತದೆ. ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಕಳುಹಿಸಿದರೆ ಕಡತ ಕುಗ್ಗುತ್ತದೆ. ತಲುಪಿದ್ದು ಮೂಲ ಕಡತವಲ್ಲ. ವಿಡಿಯೋ ತೆಗೆಯುವ ಫೋಟೋ ಕ್ಯಾಮೆರಾಗಳ ಚಿತ್ರ ಸುಂದರವಾದರೂ, ಅವುಗಳಲ್ಲಿ ಅನೇಕ ಮಾದರಿಗಳು ಮೂವತ್ತು ನಿಮಿಷ ತುಂಬುವ ಮೊದಲೇ ತಾವಾಗಿ ನಿಲ್ಲುತ್ತವೆ. ಕ್ಯಾಮ್‌ಕಾರ್ಡರ್ ಗಂಟೆಗಟ್ಟಲೆ ಓಡಲೆಂದೇ ರೂಪುಗೊಂಡ ಯಂತ್ರ.

ಮೊದಲು ಕಿವಿ, ಆಮೇಲೆ ಕಣ್ಣು

ಚಿತ್ರ ಸ್ವಲ್ಪ ಮಸುಕಾದರೂ ಸಾಕ್ಷ್ಯ ಉಳಿಯುತ್ತದೆ. ಮಾತು ಕೇಳಿಸದಿದ್ದರೆ ಏನೂ ಉಳಿಯುವುದಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿರುವಾಗ ಕ್ಯಾಮೆರಾದೊಳಗಿನ ಮೈಕಿಗೆ ಮಳೆಯೇ ಕೇಳಿಸುತ್ತದೆ. ಆದ್ದರಿಂದ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಮೈಕ್ ಕಿಂಡಿ ಎರಡಾದರೂ ಇರಬೇಕು. ಉದ್ದನೆಯ ತಂತಿ ಎಳೆದರೂ ಅದರಲ್ಲಿ ಗೊರಗೊರ ಸದ್ದು ಸೇರುವುದು ಕಡಿಮೆ. ಕೆಲವು ಮೈಕುಗಳಿಗೆ ಬೇಕಾದ 48 ವೋಲ್ಟ್ ವಿದ್ಯುತ್ತನ್ನು ಕ್ಯಾಮೆರಾವೇ ಒದಗಿಸಬೇಕು. ಒಂದು ಕಿಂಡಿಗೆ ಸಭೆಯ ಧ್ವನಿವರ್ಧಕದ ತಂತಿ, ಇನ್ನೊಂದಕ್ಕೆ ನಮ್ಮದೇ ಮೈಕು. ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ. ಧ್ವನಿಯ ಮಟ್ಟವನ್ನು ಕೈಯಿಂದಲೇ ಏರಿಳಿಸುವ ಗುಂಡಿ ಇರಬೇಕು, ಕಿವಿಗೆ ಹೆಡ್‌ಫೋನ್ ಇರಲೇಬೇಕು.

ಮಸೂರ ಮತ್ತು ಬೆಳಕು

ಹೊಸ ಎಚ್‌ಡಿ ಕ್ಯಾಮೆರಾಗಳಲ್ಲಿ ಚಿತ್ರದ ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕೆಗಳಿರುತ್ತವೆ. 4ಕೆ ಚಿತ್ರದಲ್ಲಿ ಚುಕ್ಕೆಗಳು ಇದರ ನಾಲ್ಕು ಪಟ್ಟು. ಆದರೆ ಅದಕ್ಕೆ ತಕ್ಕ ಕಾರ್ಡು, ಡಿಸ್ಕು, ಕಂಪ್ಯೂಟರು ಕೂಡ ಬೇಕು. ನಮ್ಮ ಕೆಲಸಕ್ಕೆ ಎಚ್‌ಡಿ ಧಾರಾಳ. ಗಮನಿಸಬೇಕಾದದ್ದು ಸೆನ್ಸರಿನ ಗಾತ್ರ. ಒಂದಿಂಚಿನದೆನ್ನುವ ಸೆನ್ಸರಿನ ವಿಸ್ತೀರ್ಣ ಮೂರನೇ ಒಂದಿಂಚಿನದಕ್ಕಿಂತ ಆರು ಪಟ್ಟಿಗೂ ಹೆಚ್ಚು. ಮೋಡ ಕವಿದ ಸಂಜೆಯಲ್ಲಿ, ಕಾಡಿನ ನೆರಳಿನಲ್ಲಿ ಇದರ ಬೆಲೆ ತಿಳಿಯುತ್ತದೆ.

ಜೂಮ್ ವಿಷಯದಲ್ಲಿ ‘ಡಿಜಿಟಲ್’ ಎಂಬ ಅಂಕಿಯನ್ನು ಮರೆತುಬಿಡಿ. ಅದು ಇದ್ದ ಚಿತ್ರವನ್ನೇ ಹಿಗ್ಗಿಸುವುದು. ಮಸೂರದಿಂದಲೇ ಆಗುವ ಆಪ್ಟಿಕಲ್ ಜೂಮ್ ಎಷ್ಟು ಪಟ್ಟು ಎಂದು ಕೇಳಿ. ನದಿಯ ಆಚೆ ದಡದ ಯಂತ್ರ, ವೇದಿಕೆಯ ಮೇಲಿನ ಮುಖ ಎರಡೂ ಅದರಿಂದಲೇ ಸಿಗಬೇಕು. ಬಿಸಿಲನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಕ್ಯಾಮೆರಾದೊಳಗೇ ಇದ್ದರೆ, ತೋಟದ ನೆರಳಿನಿಂದ ಬಯಲಿಗೆ ಬಂದಾಗ ಒಂದು ಗುಂಡಿ ತಿರುಗಿಸಿದರೆ ಸಾಕು.

ಅಮೆರಿಕದ ಬಂಧುಗಳಿಂದ ತರಿಸುವ ವಿಚಾರವಿದ್ದರೆ ಒಂದು ಎಚ್ಚರಿಕೆ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಲ್ಲಿಯದು 60. ಅಲ್ಲಿ ಮಾರಿದ ಕೆಲವು ಮಾದರಿಗಳು ಸೆಕೆಂಡಿಗೆ 30 ಅಥವಾ 60 ಚಿತ್ರಗಳನ್ನು ಮಾತ್ರ ತೆಗೆಯುತ್ತವೆ. ನಮ್ಮ ಟ್ಯೂಬ್‌ಲೈಟಿನ ಕೆಳಗೆ ಅವುಗಳ ಚಿತ್ರ ಮಿಣುಕಬಹುದು. ಸೆಕೆಂಡಿಗೆ 25 ಅಥವಾ 50 ಚಿತ್ರಗಳ ಸೌಕರ್ಯ ಇದೆಯೆಂದು ಖಚಿತಪಡಿಸಿಕೊಳ್ಳಿ.

ಟೇಪು, ಕಾರ್ಡು, ಕಾನೂನು

2005ರ ಆಸುಪಾಸಿನಲ್ಲಿ ಬಂದ ಸೋನಿ ಝಡ್1, ಕ್ಯಾನನ್ ಎಕ್ಸ್‌ಎಚ್ ಎ1 ಮುಂತಾದ ಎಚ್‌ಡಿವಿ ಕ್ಯಾಮೆರಾಗಳು ಈಗ ಹಳೆಯ ಮಾಲಾಗಿ ಅಗ್ಗಕ್ಕೆ ಸಿಗಬಹುದು. ಅವು ಒಳ್ಳೆಯ ಯಂತ್ರಗಳೇ. ಆದರೆ ಚಿಕ್ಕ ಟೇಪಿನಲ್ಲಿರುವುದನ್ನು ಕಂಪ್ಯೂಟರಿಗೆ ತರಲು ಬೇಕಾದ ಫೈರ್‌ವೈರ್ ಕಿಂಡಿ ಹೊಸ ಯಂತ್ರಗಳಲ್ಲಿ ಇಲ್ಲ. ಟೇಪಿನ ಕ್ಯಾಮೆರಾ ಕೊಳ್ಳಬೇಡಿ. ಆದರೆ ನಿಮ್ಮ ಊರುಗಳಲ್ಲಿ ಹಳೆಯ ಹೋರಾಟಗಳ ಟೇಪುಗಳಿದ್ದರೆ, ಓಡುವ ಯಂತ್ರ ಸಿಗುವಾಗಲೇ ಡಿಸ್ಕಿಗೆ ಇಳಿಸಿಕೊಳ್ಳಿ.

ಎರಡು ಕಾರ್ಡಿನಲ್ಲಿ ಏಕಕಾಲಕ್ಕೆ ದಾಖಲಿಸುವ ಕ್ಯಾಮೆರಾವನ್ನೇ ಆರಿಸಿ. ಸೆಕೆಂಡಿಗೆ 50 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆಯ ದೃಶ್ಯಕ್ಕೆ ಸುಮಾರು 22 ಜಿಬಿ ಬೇಕು. 64 ಜಿಬಿ ಕಾರ್ಡು ಎರಡೂಮುಕ್ಕಾಲು ಗಂಟೆಗೆ ಬರುತ್ತದೆ. ನಕಲು ಮಾಡುವಾಗ ಕಾರ್ಡಿನಲ್ಲಿರುವ ಕಡತಕೋಶವನ್ನು ಇಡಿಯಾಗಿ ಎತ್ತಿ. ಎರಡು ಡಿಸ್ಕಿಗೆ ಇಳಿಸಿ, ಎರಡು ಬೇರೆ ಮನೆಗಳಲ್ಲಿ ಇರಿಸಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ವಿದ್ಯುನ್ಮಾನ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಸಾಧನದ ಮಾದರಿ, ಕ್ರಮಸಂಖ್ಯೆ, ಕಡತದ ಹ್ಯಾಶ್ ಮೌಲ್ಯ ಇವೆಲ್ಲ ಇರಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಕಡತ ಎಳ್ಳಷ್ಟು ಬದಲಾದರೂ ಅದು ಬೇರೆಯಾಗುತ್ತದೆ. ಅದನ್ನು ಲೆಕ್ಕ ಹಾಕುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕಾಲೇಜಿನ ಮಕ್ಕಳು ಇದನ್ನು ಕಲಿತು, ಚಿತ್ರೀಕರಣ ನಡೆದ ದಿನವೇ ದಿನಾಂಕ, ಸ್ಥಳ, ಚಿತ್ರಿಸಿದವರ ಹೆಸರಿನೊಂದಿಗೆ ವಹಿಯಲ್ಲಿ ಬರೆದಿಡಬೇಕು. ಕ್ಯಾಮೆರಾದ ಗಡಿಯಾರವನ್ನು ಪ್ರತಿ ಸಲ ಸರಿಪಡಿಸಿಕೊಳ್ಳಬೇಕು. ಇಲ್ಲವಾದರೆ ತಾರೀಖೇ ನಮ್ಮ ವಿರುದ್ಧ ನುಡಿದೀತು.

ಮಳೆಗಾಲ

ಈ ಕ್ಯಾಮೆರಾಗಳಲ್ಲಿ ಹೆಚ್ಚಿನವು ಮಳೆ ತಡೆಯುವಂಥವಲ್ಲ. ಕಂಬಳಿಕೊಪ್ಪೆ ನಮಗಾದರೆ, ಅದಕ್ಕೂ ಒಂದು ಪ್ಲಾಸ್ಟಿಕ್ ಹೊದಿಕೆ ಬೇಕು. ಮಲೆನಾಡಿನ ತೇವದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಚೀಲದಲ್ಲಿ ಮುಚ್ಚಿ ಮೂಲೆಗೆ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ಪೊಟ್ಟಣ ತೇವ ಹೀರಿದಾಗ ಬಿಸಿಮಾಡಿ ಮತ್ತೆ ಬಳಸಿ. ಆಷಾಢದಲ್ಲೂ ವಾರಕ್ಕೊಮ್ಮೆ ಹೊರತೆಗೆದು ಓಡಿಸಿ.

ಹಣ ಮತ್ತು ಕೈ

ಕೂಡಿದ ಹಣವನ್ನೆಲ್ಲ ಕ್ಯಾಮೆರಾಕ್ಕೇ ಸುರಿಯಬೇಡಿ. ಮೂರರಲ್ಲಿ ಒಂದು ಪಾಲನ್ನು ಮೈಕು, ಭದ್ರವಾದ ಮುಕ್ಕಾಲಿ, ಹೆಚ್ಚುವರಿ ಬ್ಯಾಟರಿ, ಕಾರ್ಡು ಮತ್ತು ಡಿಸ್ಕುಗಳಿಗೆ ತೆಗೆದಿಡಿ. ಒಬ್ಬರೇ ಬಲ್ಲ ಯಂತ್ರ ಅವರು ಊರಿನಲ್ಲಿಲ್ಲದ ದಿನ ಬರಿಯ ಪೆಟ್ಟಿಗೆ. ಕಡೆಯಪಕ್ಷ ನಾಲ್ವರು, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಇದನ್ನು ಕಲಿಯಲಿ.

ಕೊಳ್ಳುವ ಮುನ್ನ ಇನ್ನೊಂದು ಕೆಲಸ ಮಾಡಿ. ಮನಸ್ಸಿಗೆ ಬಂದ ಕ್ಯಾಮೆರಾವನ್ನು ಒಂದು ದಿನ ಬಾಡಿಗೆಗೆ ತಂದು, ನಿಮ್ಮ ಗ್ರಾಮಸಭೆಯನ್ನು ಕೊನೆಯ ಸಾಲಿನಿಂದ ಚಿತ್ರಿಸಿ. ಅದನ್ನು ಸಭೆಗೆ ಬಾರದ ಹಿರಿಯರೊಬ್ಬರಿಗೆ ತೋರಿಸಿ, ಯಾರು ಏನು ಹೇಳಿದರೆಂದು ಕೇಳಿ. ಅವರು ತಡವರಿಸದೆ ಹೇಳಿದರೆ ಕೊಳ್ಳಿ. ಹೇಳಲಾರದೆ ಹೋದರೆ, ಎಷ್ಟೇ ಬೆಲೆಯದಾಗಿರಲಿ, ಹಿಂದಿರುಗಿಸಿ.