ಮನೆಯಲ್ಲಿ ಜೀಬ್ರಾ ಮೀನಿನ ಮರಿ ಪಡೆಯುವ ಬಗೆ
(ಭಾಷಣದ ಪಾಠ)



ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಕಡೆಯ ನಮಗೆ ಮೀನೆಂದರೆ ತುಂಗಭದ್ರೆಯ ಕಾಟ್ಲಾ, ರೋಹು ನೆನಪಾಗುತ್ತವೆ. ಅಂದಕ್ಕಾಗಿ ಗಾಜಿನ ತೊಟ್ಟಿಯಲ್ಲಿ ಸಾಕುವ, ಎರಡು ಅಂಗುಲ ಮೀರದ ಜೀಬ್ರಾ ಮೀನೂ ನಮ್ಮ ದೇಶದ್ದೇ. ಇದು ಗೂಡು ಕಟ್ಟುವುದಿಲ್ಲ. ಮೊಟ್ಟೆಗಳನ್ನು ನೀರಿನಲ್ಲಿ ಚೆಲ್ಲಿ, ಬಳಿಕ ತಾನೇ ತಿಂದುಬಿಡುತ್ತದೆ. ಹಲವರು ಸೋಲುವುದು ಇಲ್ಲಿಯೇ.

ತೊಟ್ಟಿಯ ತಳಕ್ಕೆ ಮಕ್ಕಳಾಡುವ ಗೋಲಿಗಳನ್ನು ಎರಡು ಪದರ ಹರಡಿರಿ. ಮೊಟ್ಟೆಗಳು ಅವುಗಳ ಸಂದಿಗೆ ಇಳಿದು ಉಳಿಯುತ್ತವೆ. ಮೇಲೆ ನಾಲ್ಕೈದು ಅಂಗುಲ ನೀರು ಸಾಕು. ನಲ್ಲಿಯ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿರಿ. ಉಷ್ಣತೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ನಮ್ಮ ಬೇಸಿಗೆಯಲ್ಲಿ ತೊಟ್ಟಿ ನೆರಳಿನಲ್ಲಿರಬೇಕು. ಹೊಟ್ಟೆ ದುಂಡಗಿರುವ ಒಂದು ಹೆಣ್ಣಿಗೆ ತೆಳ್ಳಗಿನ ಎರಡು ಗಂಡುಗಳನ್ನು ಸೇರಿಸಿ ಸಂಜೆ ಬಿಡಿರಿ. ಮುಂಜಾನೆ ಬೆಳಕು ಬಿದ್ದಾಗ ಮೊಟ್ಟೆಯಿಡುತ್ತವೆ. ಆಮೇಲೆ ದೊಡ್ಡ ಮೀನುಗಳನ್ನು ಕೂಡಲೇ ತೆಗೆಯಿರಿ.

ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಐದನೆಯ ದಿನದ ಹೊತ್ತಿಗೆ ಮರಿಗಳು ಈಜತೊಡಗುತ್ತವೆ. ಅಲ್ಲಿಯವರೆಗೆ ಆಹಾರ ಬೇಡ. ಬಳಿಕ ನೀರಿನ ಸೂಕ್ಷ್ಮಜೀವಿಗಳೇ ಆಹಾರ. ಔಷಧಿ ಸಿಂಪಡಿಸದ ಭತ್ತದ ಹುಲ್ಲನ್ನು ಕೆಲವು ದಿನ ಮೊದಲೇ ನೀರಿನಲ್ಲಿ ನೆನೆಹಾಕಿದರೆ ಅವು ಬೆಳೆಯುತ್ತವೆ. ಆ ನೀರನ್ನು ಚಮಚದಷ್ಟೇ ಹಾಕಿರಿ. ಹೆಚ್ಚಾದರೆ ತೊಟ್ಟಿ ಕೆಟ್ಟು ಮರಿಗಳು ಸಾಯುತ್ತವೆ.

ಕೊನೆಯದಾಗಿ ಎರಡು ಮಾತು. ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಳ್ಳಿ. ಸಾಲ ಮಾಡಿ ತೊಟ್ಟಿ ಕಟ್ಟಬೇಡಿ. ಉಳಿದ ಮರಿಗಳನ್ನು ಕಾಲುವೆಗಾಗಲಿ ಹೊಳೆಗಾಗಲಿ ಬಿಡಬೇಡಿ. ತೊಟ್ಟಿಯ ರೋಗ ಹೊಳೆಯ ಮೀನಿಗೆ ತಗುಲಿದರೆ, ನಷ್ಟ ಬಲೆ ಬೀಸಿ ಬದುಕುವವರದು.